ಇಗರ್ಜಿ ಜಾಗದಲ್ಲಿ ಊರಿನ ಗಿಡಗಳು: ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಮಂಗಳೂರು ಕಡೆಯ ಸಣ್ಣ ಧರ್ಮಕೇಂದ್ರ ನಮ್ಮದು. ಇಗರ್ಜಿಯ (ಚರ್ಚಿನ) ಹಿಂದೆ ಅರ್ಧ ಎಕರೆ ಮುರಕಲ್ಲಿನ (ಜಂಬಿಟ್ಟಿಗೆಯ) ಜಾಗ, ಒಂದಷ್ಟು ಅಕೇಶಿಯಾ, ಪಕ್ಕದಲ್ಲೇ ಸಿಮೆಟ್ರಿ (ಸಮಾಧಿ ಸ್ಥಳ) ಇದೆ. ಜೂನ್ 5ರ ಪರಿಸರ ದಿನಕ್ಕೆ 100 ಗಿಡ ನೆಡಲು ಪಾಲನಾ ಮಂಡಳಿ ಒಪ್ಪಿದೆ. ಮಕ್ಕಳು ಮೇರಿ ಮಾತೆಗೆ ಹೂ ಅರ್ಪಿಸುವ ಮೊಂತಿ ಹಬ್ಬಕ್ಕೆ (ಮಾತೆಯ ಜನ್ಮದಿನ) ಹೂವೂ ಇಲ್ಲೇ ಸಿಗಬೇಕು. ಯಾವ ಗಿಡ, ಹೇಗೆ?

ಕಾರ್ಕಳದಿಂದ: 100 ಬೇಡ, 25 ಸಾಕು. ನೆಡುವ ದಿನ ಊರೆಲ್ಲ ಬರುತ್ತದೆ, ಮಾರ್ಚ್‌ನಲ್ಲಿ ಕೊಡ ಹಿಡಿಯಲು ಯಾರೂ ಇರುವುದಿಲ್ಲ. ವಾರ್ಡಿಗೆ ಇಷ್ಟು ಗಿಡ ಎಂದು ಗುರಿಕಾರರಿಗೆ (ವಾರ್ಡಿನ ಮುಖಂಡರಿಗೆ) ಈಗಲೇ ಹಂಚಿಬಿಡಿ. ಜೂನ್ 5ಕ್ಕೆ ಮಳೆ ಹಿಡಿದಿರದಿದ್ದರೆ ಅಂದು ಬರೀ ಪ್ರಾರ್ಥನೆ ಇಟ್ಟುಕೊಳ್ಳಿ. ನಾಲ್ಕೈದು ದಿನ ಬಿಡದೆ ಮಳೆ ಸುರಿದ ಮೇಲೆ ನೆಡಿ.

ಮುರಕಲ್ಲಿನಲ್ಲಿ ಹೊಂಡ ಏಪ್ರಿಲ್‌ನಲ್ಲೇ ಆಗಬೇಕು, 3 ಅಡಿ ಉದ್ದ, ಅಗಲ, ಆಳ. ಗಿಡ ಸಾಯುವುದು ಹೆಚ್ಚಾಗಿ ಬೇಸಗೆಯಲ್ಲಿ ಎಂದುಕೊಳ್ಳುತ್ತೇವೆ, ಆದರೆ ಕೆಲವು ಜುಲೈಯಲ್ಲೇ ಹೋಗುತ್ತವೆ: ಗಟ್ಟಿ ಕಲ್ಲಿನ ಹೊಂಡದಿಂದ ನೀರು ಇಳಿಯದೆ ಬೇರು ಕೊಳೆಯುತ್ತದೆ. ಇಳಿಜಾರಿನ ಬದಿಗೆ ಒಂದು ಕಣಿ ಕಡಿದು ಬಿಡಿ. ಮೇಲ್ಮಣ್ಣಿಗೆ ಎರಡು ಬುಟ್ಟಿ ಹಳೆ ಹಟ್ಟಿಗೊಬ್ಬರ ಬೆರೆಸಿ, ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ತುಂಬಿ, ಕುಸಿದು ಸಮವಾಗುತ್ತದೆ. ಪ್ಲಾಸ್ಟಿಕ್ ತೊಟ್ಟೆ ಪೂರ್ತಿ ತೆಗೆಯಿರಿ (ಫೋಟೋ ಗಡಿಬಿಡಿಯಲ್ಲಿ ಇದೇ ಮರೆತುಹೋಗುವುದು), ಸುತ್ತಿಕೊಂಡ ಬೇರನ್ನು ಬಿಡಿಸಿ. ಡಿಸೆಂಬರ್‌ನಿಂದ ಮಳೆಯವರೆಗೆ ವಾರಕ್ಕೆರಡು ಸಲ ಒಂದೊಂದು ಕೊಡ ನೀರು. ಬುಡಕ್ಕೆ ತರಗೆಲೆ ಹಾಸಿ, ಆದರೆ ಕಾಂಡಕ್ಕೆ ತಾಗದಂತೆ. ತಾಗಿದರೆ ಗೆದ್ದಲು ಹತ್ತುತ್ತದೆ.

ಮೂಡುಬಿದಿರೆಯಿಂದ: ಮರಗಳಲ್ಲಿ ರೆಂಜೆ (ಬಕುಳ), ಸುರಗಿ, ಕುಂಟು ನೇರಳೆ, ಪುನರ್ಪುಳಿ (ಕೋಕಂ) ಇಡಿ. ಪುನರ್ಪುಳಿಯಲ್ಲಿ ಗಂಡು ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿ ತಂದರೆ ಹೂ ಬಿಡುವವರೆಗೆ ಯಾವುದೆಂದು ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಆರೇಳು ವರ್ಷ ಕಳೆದಿರುತ್ತದೆ. ಹಣ್ಣು ಬೇಕಿದ್ದರೆ ಹೆಣ್ಣು ಮರದ ಕಸಿ ಗಿಡವನ್ನೇ ಕೇಳಿ ತನ್ನಿ, ಗಂಡು ಮರವೂ ಸಿಗಲೆಂದು ಜೊತೆಗೆ ಒಂದೆರಡು ಬೀಜದ ಸಸಿಯೂ ಇರಲಿ.

ಮೊಂತಿ ಹಬ್ಬ ಸೆಪ್ಟೆಂಬರ್ 8, ಅದರ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ (ನೊವೆನಾ) ಆಗಸ್ಟ್ 30ಕ್ಕೇ ಶುರು. ರೆಂಜೆ, ಸುರಗಿ ಆಗ ಹೂ ಕೊಡುವುದಿಲ್ಲ. ಕೇಪುಳ, ತುಂಬೆ, ನೆಕ್ಕರೆ ಸಿಗುತ್ತವೆ. ನರ್ಸರಿಯ ಕುಳ್ಳ ಕೇಪುಳ ಬೇಡ, ಗುಡ್ಡದ ಕೆಂಪು ಕೇಪುಳದ ಪೆನ್ಸಿಲ್ ದಪ್ಪದ ಗೆಲ್ಲನ್ನು ಜೂನ್‌ನಲ್ಲಿ 6 ಇಂಚಿಗೆ ಕಡಿದು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಊರಿ. ಎಲ್ಲವೂ ಚಿಗುರುವುದಿಲ್ಲ, ಬೇಕಾದುದರ ಎರಡು ಪಾಲು ಊರಿ. ಸಾಲಿನಲ್ಲಿ 3 ಅಡಿ ಅಂತರ. ತುಂಬೆಗೆ ನೆಡುವ ಕೆಲಸವೇ ಇಲ್ಲ, ಆಗಸ್ಟ್‌ನಲ್ಲಿ ಹುಲ್ಲು ಹೆರೆಯದೆ ಒಂದು ಮೂಲೆ ಬಿಟ್ಟರಾಯಿತು. ಅಗ್ನಿಶಿಖೆ ಚಂದವೇ, ಆದರೆ ಅದರ ಗಡ್ಡೆಯಿಂದ ಬೀಜದವರೆಗೆ ಎಲ್ಲವೂ ವಿಷ. ಮಕ್ಕಳು ಕೀಳುವ ಜಾಗದಲ್ಲಿ ಬೇಡ.

ಉಡುಪಿಯಿಂದ: ಸಿಮೆಟ್ರಿ ಬಗ್ಗೆ ಯಾರೂ ಹೇಳಲಿಲ್ಲ. ನವೆಂಬರ್ 2ರ ಮೃತರ ಸ್ಮರಣೆಗೆ ಮುಂಚೆ ಕಳೆನಾಶಕ ಹೊಡೆಸುವ ಅಭ್ಯಾಸವಿದ್ದರೆ ಮೊದಲು ಅದನ್ನು ನಿಲ್ಲಿಸಿ. ಗಾಳಿಗೆ ಹಾರಿದ ಹನಿ ಪಕ್ಕದ ಸಸಿಯನ್ನೂ ಸುಡುತ್ತದೆ. ಅಕ್ಟೋಬರ್ ಕೊನೆಗೆ ಹುಲ್ಲಿನ ಬೀಜ ಉದುರಿದ ಮೇಲೆ ಮೆಷಿನ್‌ನಲ್ಲಿ 4 ಇಂಚು ಬಿಟ್ಟು ಕತ್ತರಿಸಿ. ಸಮಾಧಿಗಳ ಹತ್ತಿರ ಮರ ಬೇಡ, ಪೊದೆ ಸಾಕು.

ಅಕೇಶಿಯಾವನ್ನು ಒಂದೇ ವರ್ಷ ಬೋಳಿಸಬೇಡಿ, ಸಸಿಗಳಿಗೆ ಮೊದಲ ಬೇಸಗೆ ಅದರದೇ ನೆರಳು ಬೇಕು. ಮೂರು ವರ್ಷಕ್ಕೆ ಹಂಚಿ ತೆಗೆಯಿರಿ; ಕಡಿಯುವ ಮೊದಲು ಅರಣ್ಯ ವಲಯ ಕಚೇರಿಯಲ್ಲಿ ಅನುಮತಿ ವಿಚಾರಿಸಿ. ಕಡಿದ ಜಾಗದಲ್ಲಿ ಮುಂದಿನ ಮಳೆಗೆ ಅದರ ಸಸಿಗಳು ದಂಡಿಯಾಗಿ ಏಳುತ್ತವೆ, ಗೇಣುದ್ದ ಇರುವಾಗಲೇ ಕಿತ್ತರೆ ಕೈಯಲ್ಲೇ ಬರುತ್ತದೆ.