ಸಹಾಯ ಬೇಕು: ಚೀವ್ನಿಂಗ್ ಪ್ರಬಂಧ ಓದಿ ತಿದ್ದುವವರು

ನಮಸ್ಕಾರ್ರೀ ಎಲ್ಲರಿಗೂ. ಸಿಂಧನೂರು, ಗಂಗಾವತಿ ಕಡೆಯ ನಾಲ್ಕು ಮಂದಿ ಕೃಷಿ ಪದವೀಧರರು ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ (ಬ್ರಿಟನ್ನಿನಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿ ಓದಲು ಅಲ್ಲಿನ ಸರ್ಕಾರ ಕೊಡುವುದು) ಅರ್ಜಿ ಹಾಕುತ್ತಿದ್ದಾರೆ. ಈಗಾಗಲೇ ಹೋಗಿ ಬಂದವರು, ಸಂದರ್ಶನದವರೆಗೆ ಮುಟ್ಟಿದವರು ದಯವಿಟ್ಟು ಕೈಜೋಡಿಸಿ.

ಅರ್ಜಿಯಲ್ಲಿ ಪ್ರಬಂಧ ಬರೆಯಬೇಕಾದ್ದು ನಾಯಕತ್ವ, ಸಂಪರ್ಕ ಬೆಳೆಸುವುದು, ಕೋರ್ಸಿನ ಆಯ್ಕೆ, ಮುಂದಿನ ಉದ್ಯೋಗದ ಯೋಜನೆ ಇವುಗಳ ಬಗ್ಗೆ. ಇವುಗಳಲ್ಲಿ ನಾಯಕತ್ವದ್ದೇ ಸೊರಗಿದೆ. "ನಾವು ರೈತರಲ್ಲಿ ಅರಿವು ಮೂಡಿಸಿದೆವು" ಅಂತ ಬರೆದರೆ ಅರ್ಜಿದಾರರು ತಾವೇ ಏನು ಮಾಡಿದರು ಅನ್ನೋದು ಗೊತ್ತಾಗೋದಿಲ್ಲ. ತುಂಗಭದ್ರಾ ಕಾಲುವೆ ಕೆಳಗಿನ ಸವಳು ಗದ್ದೆಯಲ್ಲಿ ಬಸಿಗಾಲುವೆ ತೆಗೆಸಲು ಯಾರನ್ನು ಒಪ್ಪಿಸಿದಿರಿ, ಯಾರು ಬೇಡವೆಂದರು, ಎಷ್ಟು ಎಕರೆ ಆಯಿತು, ಮುಂದಿನ ಭತ್ತಕ್ಕೆ ಏನು ಬದಲಾಯಿತು ಎಂಬುದು ಬರಬೇಕು. ಹೀಗೆ ಸಾಲು ಸಾಲಿಗೂ ಪ್ರಶ್ನೆ ಹಾಕಿ ಓದುವವರು ನಮಗೆ ಬೇಕಾಗಿದ್ದಾರೆ. ಬರೀ ಇಂಗ್ಲಿಷ್ ತಿದ್ದಿದರೆ ಸಾಲದು.

ಕೆಲಸದ ಅನುಭವ 2,800 ಗಂಟೆ ಇರಬೇಕು, ಅಂದರೆ ವಾರಕ್ಕೆ 35ರಂತೆ 80 ವಾರ. ಸ್ವಯಂಸೇವೆಯೂ ಲೆಕ್ಕಕ್ಕೆ ಬರುತ್ತದೆ. ಆದರೆ ಮನೆಯ ಹೊಲದ ದುಡಿಮೆಯನ್ನು ಯಾರಾದರೂ ತೋರಿಸಿದ್ದೀರಾ? ಹುದ್ದೆ, ಗಂಟೆ ಹೇಗೆ ನಮೂದಿಸಿದಿರಿ?

ಇನ್ನೊಂದು ತೊಡಕು ಹೆಸರಿನದು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ. ಅಫಿಡವಿಟ್ ಸಾಕಾಯಿತೇ?

ಮೂರು ಕೋರ್ಸ್ ಆರಿಸಿಯಾಗಿದೆ. ವಿಶ್ವವಿದ್ಯಾಲಯಗಳಿಗೆ ಬೇರೆಯೇ ಅರ್ಜಿ ಹಾಕಬೇಕು, ಸೀಟು ಕೊಡುತ್ತೇವೆಂಬ ಷರತ್ತಿಲ್ಲದ ಪತ್ರ (ಅನ್‌ಕಂಡಿಷನಲ್ ಆಫರ್) ಗಡುವಿನೊಳಗೆ ಕೈಸೇರಬೇಕು. ಇದನ್ನು ಮರೆತರೆ ಆಯ್ಕೆಯಾಗಿಯೂ ವಿದ್ಯಾರ್ಥಿವೇತನ ತಪ್ಪುತ್ತದೆ.

ರಾಯಚೂರಿನಲ್ಲಿ ಯಾವುದಾದರೂ ಭಾನುವಾರ ಎರಡು ತಾಸು ಕೂರಲು ಆಗುವ ಅಣ್ಣಾರು, ಅಕ್ಕಾರು ಸಂದೇಶ ಕಳಿಸ್ರಿ. ಫೋನಿನಲ್ಲಾದರೂ ಸರಿ.