ಮಕ್ಕಳಿಗೆ ಮೊದಲ ರೈಫಲ್: .22 ಬೇಕೋ, ಏರ್ ರೈಫಲ್ ಸಾಕೋ?

ಪ್ರಶ್ನೆ: ಸರ್, ನಮಸ್ಕಾರ. ಮಗಳಿಗೆ 13 ವರ್ಷ, ಎತ್ತರ 4 ಅಡಿ 11 ಇಂಚು. ನಾಲ್ಕು ತಿಂಗಳಿಂದ 10 ಮೀಟರ್ ರೇಂಜಿಗೆ ಹೋಗುತ್ತಿದ್ದಾಳೆ, ಕ್ಲಬ್ ರೈಫಲಿನಲ್ಲೇ ಅಭ್ಯಾಸ. ಈಗ ಸ್ವಂತದ್ದು ಕೊಡಿಸಬೇಕು. ಒಬ್ಬರು ನೇರ .22 ತಗೊಳ್ಳಿ, ಎರಡೆರಡು ಖರ್ಚು ಯಾಕೆ ಅಂತಾರೆ. ಅಂಗಡಿಯವರು ಸ್ಪ್ರಿಂಗ್ ಏರ್‌ಗನ್ ತೋರಿಸಿ ಸೆಕೆಂಡಿಗೆ 1000 ಅಡಿ ವೇಗ ಅಂತಾರೆ. ಯಾವುದು ಸರಿ?

ಉತ್ತರ (ರೈಫಲ್ ಕೋಚ್): ಎರಡೂ ಬೇಡ ಮೇಡಂ. ಮೊದಲು .22ರ ಮಾತು ಮುಗಿಸಿಬಿಡೋಣ. ಅದು ತೋಟಾ ಹಾಕಿ ಹೊಡೆಯುವ, ಲೈಸೆನ್ಸಿನ ಬಂದೂಕು. ಲೈಸೆನ್ಸಿಗೆ 21 ತುಂಬಿರಬೇಕು. 12 ದಾಟಿದ ಮಕ್ಕಳು ಕ್ಲಬ್ಬಿನಲ್ಲಿ, ದೊಡ್ಡವರ ಮೇಲ್ವಿಚಾರಣೆಯಲ್ಲಿ ಕಲಿಯಬಹುದು, ಅಷ್ಟೇ. ಅದೂ ಅಲ್ಲದೆ 10 ಮೀಟರ್ ಸ್ಪರ್ಧೆಗೆ ಬೇಕಾದ ಕ್ಯಾಲಿಬರ್ (ನಳಿಗೆಯ ಒಳ ಅಳತೆ, ಬೋರ್ ಎಂದರೂ ಅದೇ) 4.5 ಮಿ.ಮೀ., ಅಂದರೆ .177 ಇಂಚು. ಅಷ್ಟು ಬೋರ್ ಇದ್ದು ಶಕ್ತಿ 20 ಜೂಲ್ ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಡ. ಗುರುತಿನ ಚೀಟಿ, ವಿಳಾಸದ ದಾಖಲೆ ಕೊಟ್ಟು ಬಿಲ್ ಪಡೆದು ಜೋಪಾನವಾಗಿ ಇಡಿ.

ಇನ್ನು ಆ 1000 ಅಡಿ. ಸ್ಪರ್ಧೆಯ ಏರ್ ರೈಫಲ್ ಸೆಕೆಂಡಿಗೆ ಸುಮಾರು 170–175 ಮೀಟರ್ ವೇಗದಲ್ಲಿ, ಹೆಚ್ಚುಕಡಿಮೆ 7.5 ಜೂಲ್ ಶಕ್ತಿಯಲ್ಲಿ ಹೊಡೆಯುತ್ತದೆ. ಕಾಗದಕ್ಕೆ ತೂತು ಬೀಳಲು ಅಷ್ಟು ಸಾಕು. ವೇಗ ಶಬ್ದದ ವೇಗದ ಹತ್ತಿರ ಹೋದರೆ ಚಪ್ಪಟೆ ಮೂತಿಯ ಪೆಲೆಟ್ (ಏರ್ ರೈಫಲಿನ ಪುಟ್ಟ ಗುಂಡು) ಹಾರುವಾಗಲೇ ಅಲುಗಾಡುತ್ತದೆ. ದುಡ್ಡು ಕೊಟ್ಟು ಗ್ರೂಪ್ (ಹೊಡೆತಗಳು ಒಂದೇ ಕಡೆ ಒತ್ತಾಗಿ ಬೀಳುವುದು) ಕೆಡಿಸಿಕೊಂಡ ಹಾಗೆ.

ಸ್ಪ್ರಿಂಗ್ ರೈಫಲಿನ ದೊಡ್ಡ ತೊಂದರೆ ಬೇರೆಯೇ. ಟ್ರಿಗರ್ ಒತ್ತಿದಾಗ ಪಿಸ್ಟನ್ ಮುಂದೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ತುದಿಗೆ ಬಡಿದಾಗ ರೈಫಲ್ ಮತ್ತೆ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ಇನ್ನೂ ನಳಿಗೆಯೊಳಗೇ ಇರುವಾಗ ಇದೆಲ್ಲ ಶುರುವಾಗಿರುತ್ತದೆ. ಹೊಡೆತ 10 ಅಂಕದ ಬದಲು 7ಕ್ಕೆ ಬಿದ್ದರೆ ತಪ್ಪು ಮಗುವಿನದೋ ಕೋವಿಯದೋ ಎಂದು ಕೋಚಿಗೂ ಹೇಳಲಾಗದು. ಓಪನ್ ಸೈಟ್ (ಗುರಿಗೆ ಬರೀ ಕಚ್ಚು, ಮೊನೆ ಇರುವ) ವಿಭಾಗದಲ್ಲಿ ಆಡುವವರಿಗೆ ನಮ್ಮಲ್ಲೇ ತಯಾರಾಗುವ ಪ್ರಿಸಿಹೋಲ್ ಎಸ್‌ಎಕ್ಸ್100 ತರಹದ್ದು ಸರಿಯೇ. ಪೀಪ್ ಸೈಟಿನಲ್ಲಿ (ಹಿಂದಿನ ಸಣ್ಣ ತೂತಿನ ಮೂಲಕ ಮುಂದಿನ ಉಂಗುರ ನೋಡಿ ಗುರಿಯಿಡುವುದು) ಮುಂದುವರಿಯುವವರಿಗೆ ಸಿಲಿಂಡರಿನಲ್ಲಿ ಗಾಳಿ ತುಂಬುವ ಪಿಸಿಪಿ ರೈಫಲೇ ಬೇಕು. ಫೈನ್‌ವರ್ಕ್‌ಬೌ 500, ಅನ್‌ಶುಟ್ಸ್ 8001, ವಾಲ್ಥರ್ ಎಲ್‌ಜಿ400ರ ಮರದ ಸ್ಟಾಕ್ (ಭುಜಕ್ಕೆ ಆನಿಸಿ ಹಿಡಿಯುವ ಭಾಗ) ಮಾದರಿ, ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಬ್ರ್ಯಾಂಡಿನ ಚರ್ಚೆಗೆ ನಾನು ಹೋಗುವುದಿಲ್ಲ, ಮೈಗೆ ಹೊಂದುವುದು ಮುಖ್ಯ.

ಪ್ರಶ್ನೆ: ಹೊಂದುತ್ತದೋ ಇಲ್ಲವೋ ಅಂಗಡಿಯಲ್ಲೇ ಹೇಗೆ ಗೊತ್ತಾಗುತ್ತೆ ಸರ್?

ಉತ್ತರ: ಶೂಟಿಂಗ್ ಜಾಕೆಟ್ ಹಾಕಿಸಿಕೊಂಡೇ ಕರೆದೊಯ್ಯಿರಿ. ಜಾಕೆಟ್ ದಪ್ಪಕ್ಕೇ ಒಂದು ಸೆಂ.ಮೀ. ಹೋಗುತ್ತದೆ. ಮೊಣಕೈ ಮಡಿಸಿ, ಬಟ್ಟನ್ನು (ಸ್ಟಾಕಿನ ಹಿಂತುದಿ) ಮೊಣಕೈಯ ಮಡಿಕೆಗೆ ಒತ್ತಿ ಹಿಡಿದರೆ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರಿಗೆ ನೇರ ಮುಟ್ಟಬೇಕು. ಮುಟ್ಟದಿದ್ದರೆ ಬಟ್‌ಪ್ಲೇಟನ್ನು ಎಷ್ಟು ಒಳಗೆ ತಳ್ಳಬಹುದು ನೋಡಿ. ದೊಡ್ಡವರ ಸ್ಟಾಕ್ ಒಂದು ಹಂತಕ್ಕಿಂತ ಗಿಡ್ಡವಾಗುವುದಿಲ್ಲ, ಆಗ ಜೂನಿಯರ್ ಸ್ಟಾಕ್ ಬೇಕಾಗುತ್ತದೆ.

ಆಮೇಲೆ ಕೆನ್ನೆ. ಕಣ್ಣು ಮುಚ್ಚಿ ರೈಫಲ್ ಏರಿಸಲಿ, ತಲೆ ಸಹಜವಾಗಿ ಕೆನ್ನೆಪಟ್ಟಿಯ ಮೇಲೆ ಕೂರಲಿ, ಈಗ ಕಣ್ಣು ತೆರೆಯಲಿ. ಪೀಪ್ ತೂತಿನ ನಡುವೆ ಮುಂದಿನ ಉಂಗುರ ಕಾಣಬೇಕು. ಕತ್ತು ಚಾಚಿ, ಕೆನ್ನೆ ಒತ್ತಿ ಹುಡುಕಬೇಕಾಗಿ ಬಂದರೆ ಪಟ್ಟಿಯ ಎತ್ತರ ಬದಲಿಸಿ. ಹುಡುಕಿ ಹೊಡೆಯುವ ಮಗು 60 ಹೊಡೆತದ ಪಂದ್ಯದಲ್ಲಿ 30ರ ಹೊತ್ತಿಗೇ ಸುಸ್ತು.

ತೂಕ 4 ಕೆ.ಜಿ. ಆಸುಪಾಸಿರಲಿ. ನಿಯಮದ ಮಿತಿ 5.5 ಕೆ.ಜಿ., ಬೆನ್ನು ಗಟ್ಟಿಯಾದ ಮೇಲೆ ಭಾರ ಸೇರಿಸಿಕೊಳ್ಳಬಹುದು. ಇನ್ನೊಂದು, ಬಹಳ ಜನ ಮರೆಯುವುದು: ಬಲಗೈಯವಳಾದರೂ ಎಡಗಣ್ಣು ಪ್ರಬಲವಾಗಿರಬಹುದು. ಎರಡೂ ಕಣ್ಣು ತೆರೆದು ದೂರದ ಗಡಿಯಾರಕ್ಕೆ ಬೆರಳು ತೋರಿಸಲಿ, ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣಿಗೆ ಬೆರಳು ಗಡಿಯಾರದ ಮೇಲೇ ಉಳಿಯುತ್ತದೋ ಅದೇ ಪ್ರಬಲ ಕಣ್ಣು. ಎಡ ಎಂದಾದರೆ ರೈಫಲ್ ಕೊಳ್ಳುವ ಮುಂಚೆ ಕೋಚ್ ಹತ್ತಿರ ಮಾತಾಡಿ.

ಪ್ರಶ್ನೆ (ಇನ್ನೊಬ್ಬರು): ಸೈಟಿನ ಮುಂದಿನ ಉಂಗುರ ಎಷ್ಟರದ್ದು? ನಮ್ಮ ಹುಡುಗ 3.4 ಮಿ.ಮೀ. ಹಾಕಿಕೊಂಡಿದ್ದಾನೆ, ನಿಖರವಾಗಿ ಕಾಣುತ್ತೆ ಅಂತಾನೆ.

ಉತ್ತರ: ನಿಖರವಾಗಿ ಕಾಣುತ್ತದೆ, ಆದರೆ ಹೊಡೆಯಲು ಮನಸ್ಸು ಬರುವುದಿಲ್ಲ. 10ರ ಚುಕ್ಕೆ ಅರ್ಧ ಮಿ.ಮೀ., ಕಪ್ಪು ವೃತ್ತ 30.5 ಮಿ.ಮೀ. ಉಂಗುರ ಬಿಗಿಯಾದರೆ ಕಪ್ಪಿನ ಸುತ್ತ ಬಿಳಿ ಎಳೆಯಷ್ಟಾಗಿ, ಸ್ವಲ್ಪ ಅಲುಗಿದರೂ ಕಪ್ಪು ಅಂಚಿಗೆ ತಾಗಿದಂತೆ ಕಾಣುತ್ತದೆ. ಹುಡುಗ ಕಾಯುತ್ತಾನೆ, ಉಸಿರು ಮುಗಿಯುತ್ತದೆ, ಕೊನೆಗೆ ಟ್ರಿಗರ್ ಕಿತ್ತೆಳೆಯುತ್ತಾನೆ. 4.0ರಿಂದ 4.2 ಹಾಕಿಸಿ.

ಜರ್ಮನ್ ಸೈಟಿನಲ್ಲಿ ಒಂದು ಎಡವಟ್ಟು. ತಿರುಪಿನ ಮೇಲಿನ ಎಚ್, ಟಿ ಅಕ್ಷರಗಳು ಹೊಡೆತ ಎಲ್ಲಿ ಬಿದ್ದಿದೆ ಎಂಬುದನ್ನು ಹೇಳುತ್ತವೆ, ಎಲ್ಲಿಗೆ ಹೋಗಬೇಕೆಂಬುದನ್ನಲ್ಲ. ಎಚ್ ಎಂದರೆ ಮೇಲೆ, ಟಿ ಎಂದರೆ ಕೆಳಗೆ: ಗುಂಡು ಮೇಲೆ ಬಿದ್ದಿದ್ದರೆ ಎಚ್ ಕಡೆ ತಿರುಗಿಸಿ, ಅದು ಕೆಳಗಿಳಿಯುತ್ತದೆ.

ಪ್ರಶ್ನೆ: ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಎಲ್‌ಜಿ400 ಸಿಗುತ್ತಿದೆ. ಏನೇನು ನೋಡಬೇಕು?

ಉತ್ತರ: ಮೊದಲು ಸಿಲಿಂಡರಿನ ಮೇಲೆ ಕೆತ್ತಿದ ತಯಾರಿಕೆಯ ತಿಂಗಳು, ವರ್ಷ. ಅಲ್ಯುಮಿನಿಯಂ ಸಿಲಿಂಡರಿಗೆ 10 ವರ್ಷ ಆಯಸ್ಸು. ಆಮೇಲೆ ಪಂದ್ಯದ ಸಲಕರಣೆ ತಪಾಸಣೆಯಲ್ಲೇ ನಿಲ್ಲಿಸುತ್ತಾರೆ. ಅವಧಿ ಮುಗಿದಿದ್ದರೆ ಹೊಸ ಸಿಲಿಂಡರಿನ ಬೆಲೆ ಕಳೆದು ಚೌಕಾಸಿ ಮಾಡಿ. 200 ಬಾರ್ ತುಂಬಿಸಿ, ರೈಫಲಿಗೆ ಹಾಕಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒತ್ತಡ ತೋರಿಸುವ ಮುಳ್ಳು ಇಳಿದಿದ್ದರೆ ಸೀಲ್ ಹೋಗಿದೆ. ತುಂಬಿದ ತಕ್ಷಣ ಅಲ್ಪಸ್ವಲ್ಪ ಇಳಿದರೆ ಗಾಬರಿ ಬೇಡ, ಬಿಸಿ ಆರಿದ್ದು ಅದು.

ಕೊನೆಗೆ ರೈಫಲನ್ನು ಕ್ಲ್ಯಾಂಪಿಗೆ ಕಟ್ಟಿ, ಸುಮಾರು 0.53 ಗ್ರಾಂ ತೂಕದ ನಾಲ್ಕೈದು ಬಗೆಯ ಪೆಲೆಟ್ ತಂದು, ಒಂದೊಂದರಲ್ಲೂ ಹತ್ತು ಹೊಡೆಯಿರಿ. ಆರ್‌ಡಬ್ಲ್ಯುಎಸ್ ಆರ್10, ಎಚ್‌ ಅಂಡ್ ಎನ್ ಫಿನಾಲೆ, ತಲೆ ಅಳತೆ 4.49, 4.50 ಎರಡೂ ಇರಲಿ. ಹತ್ತೂ ಸೇರಿ ಹೊರ ಅಂಚಿನಿಂದ ಅಂಚಿಗೆ 6 ಮಿ.ಮೀ. ಒಳಗಿದ್ದರೆ ನಳಿಗೆ ಚೆನ್ನಾಗಿದೆ. ಯಾವುದರಲ್ಲೂ ಬರದಿದ್ದರೆ ಮೊದಲು ಸ್ಟಾಕಿನ ಬೋಲ್ಟ್ ಬಿಗಿ ಇದೆಯೇ ನೋಡಿ, ನಳಿಗೆಯನ್ನು ಬಯ್ಯುವುದು ಆಮೇಲೆ.

ಕರಾವಳಿಯ ಮಳೆಗಾಲದಲ್ಲಿ ಕೈಪಂಪು ಗಾಳಿಯ ಜೊತೆ ನೀರನ್ನೂ ತುಂಬುತ್ತದೆ. ಡೈವಿಂಗ್ ಸಿಲಿಂಡರಿನ ಒಣಗಾಳಿ ವಾಸಿ, ವಾಲ್ವ್ ನಿಧಾನ ತೆರೆಯಿರಿ. ಆಕ್ಸಿಜನ್ ಮಾತ್ರ ಎಂದಿಗೂ ತುಂಬಬೇಡಿ. ಒತ್ತಡದಲ್ಲಿ ಒಂದು ಹನಿ ಎಣ್ಣೆ ಸಿಕ್ಕರೂ ಸಿಡಿಯುತ್ತದೆ.

ಪ್ರಶ್ನೆ: ಸರ್, ನಾವು ಕೊಡಗಿನವರು, ವಯಸ್ಸು 30. ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ಸಮಯದ ತೆಂಗಿನಕಾಯಿ ಶೂಟಿಂಗಿಗೆ .22 ನೋಡುತ್ತಿದ್ದೇನೆ. ನನಗೂ ಏರ್ ರೈಫಲ್ ಅಂತೀರಾ?

ಉತ್ತರ: ಇಲ್ಲ, ನಿಮಗೆ .22 ಸರಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ 2029ರವರೆಗೆ ವಿಸ್ತರಣೆಯಾಗಿದೆ, ವಿನಾಯಿತಿ ಪತ್ರ ಮಾಡಿಸಿಕೊಂಡೇ ಕೊಳ್ಳಿ. ಬೋಲ್ಟ್ ಆಕ್ಷನ್ (ಪ್ರತಿ ಹೊಡೆತಕ್ಕೂ ಕೈಯಲ್ಲೇ ಬೋಲ್ಟ್ ಎಳೆಯುವಂಥದ್ದು) ತಗೊಳ್ಳಿ: ಸಿಝಡ್ 457, ಅಥವಾ ಅನ್‌ಶುಟ್ಸ್ 64 ಆಕ್ಷನ್ನಿನ ಯಾವುದಾದರೂ. ತೋಟಾ 40 ಗ್ರೇನಿನ (ಗುಂಡಿನ ತೂಕ ಸುಮಾರು 2.6 ಗ್ರಾಂ) ಸ್ಟ್ಯಾಂಡರ್ಡ್ ವೆಲಾಸಿಟಿ, ಅಂದರೆ ಸಾಮಾನ್ಯ ವೇಗದ್ದು. ಹೈ ವೆಲಾಸಿಟಿ ಜೋರಾಗಿ ಸದ್ದು ಮಾಡುತ್ತದೆ, ಗ್ರೂಪ್ ದೊಡ್ಡದಾಗುತ್ತದೆ. ಸೆಕೆಂಡಿಗೆ 4–5 ಮೀಟರಿನ ಅಡ್ಡಗಾಳಿ 50 ಮೀಟರಿನಲ್ಲಿ ಗುಂಡನ್ನು ಸುಮಾರು 2 ಸೆಂ.ಮೀ. ತಳ್ಳುತ್ತದೆ, ಕಾಯಿಗೆ ಅದು ಲೆಕ್ಕವಿಲ್ಲ. ಖಾಲಿ ಕೋವಿಯ ಟ್ರಿಗರ್ ಒತ್ತಿ ಅಭ್ಯಾಸ ಮಾಡಬೇಡಿ. ರಿಮ್‌ಫೈರ್ (ತೋಟಾದ ಅಂಚಿಗೆ ಬಡಿದು ಸಿಡಿಸುವ ಬಗೆ) ಆದ್ದರಿಂದ, ತೋಟಾ ಇಲ್ಲದಿದ್ದರೆ ಪಿನ್ ಚೇಂಬರಿನ ಅಂಚಿಗೇ ಬಡಿದು ಕುಳಿ ಬೀಳಬಹುದು, ಆಮೇಲೆ ಖಾಲಿ ಕೇಸ್ ಸಿಕ್ಕಿಕೊಳ್ಳುತ್ತದೆ. ಗುಂಡು ಒಂದೂವರೆ ಕಿ.ಮೀ.ವರೆಗೂ ಹೋಗಬಲ್ಲದು. ಮರದ ತುದಿಯ ಕಾಯಿಗೆ ಮೇಲ್ಮುಖವಾಗಿ ಹೊಡೆಯುವ ಜಾಗವಾದರೆ ಹಿಂದೆ ಗುಡ್ಡ ಇದೆಯೋ, ಲೈನ್‌ಮನೆ (ತೋಟದ ಕಾರ್ಮಿಕರ ಸಾಲುಮನೆ) ಇದೆಯೋ ನೋಡಿಕೊಂಡು ನಿಲ್ಲಿ.