ಆ ಕರಿ ಹಕ್ಕಿ ಕೆಂಪು ಹಕ್ಕಿಯ ಜೋಡಿ ಅಲ್ಲ ಚಿಕ್ಕಮ್ಮಾ

ಚಿಕ್ಕಮ್ಮಾ, ಉಗಾಂಡಾದ ಕಂಪಾಲಾದಲ್ಲಿರುವ ನಿಮ್ಮ ಅಂಗಳದ ವಿಡಿಯೋ ನೋಡಿದೆ. ಕೆಂಪು ಹಕ್ಕಿ ಯಾವುದು, ತಂತಿ ಮೇಲೆ ಹಾಡುವ ಕರಿ ಹಕ್ಕಿ ಅದರ ಜೋಡಿಯಾ ಅಂತ ಕೇಳಿದ್ದೀರಿ. ಬರೆಯಲು ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ.

ಕೆಂಪು ಮೈಯದು ಗಂಡು. ಪಕ್ಕದಲ್ಲಿ ಕಾಳು ಹೆಕ್ಕುತ್ತಿರುವ ಮಣ್ಣು ಬಣ್ಣದ್ದು ಹೆಣ್ಣು. ರೆಡ್ ಬಿಲ್ಡ್ ಫೈರ್‌ಫಿಂಚ್ ಅನ್ನುತ್ತಾರೆ. ಉದ್ದ ಸುಮಾರು 10 ಸೆಂಟಿಮೀಟರ್, ಅಷ್ಟೇ. ನಮ್ಮ ಗದ್ದೆ ಬದಿಯ ರಾಟವಾಳ ಇದೆಯಲ್ಲ, ಮುನಿಯಾ, ಅದರದೇ ಕುಟುಂಬ. ಸಹಾರಾದಿಂದ ಕೆಳಗೆ ಆಫ್ರಿಕಾದ ಬಹಳ ಕಡೆ ಇದೆ, ಮನೆ-ಹೊಲದ ಹತ್ತಿರವೇ ಜಾಸ್ತಿ. ನೆಲಕ್ಕೆ ಬಿದ್ದ ಹುಲ್ಲಿನ ಬೀಜವೇ ಮುಖ್ಯ ಊಟ. ಹುಲ್ಲಿನಿಂದ ಉಂಡೆಯಂಥ ಗೂಡು ಕಟ್ಟಿ ಒಳಗೆ ಗರಿ ಹಾಸುತ್ತದೆ. ಪೊದೆಯಾದರೂ ಸರಿ, ಗುಡಿಸಲಿನ ಮಾಡಾದರೂ ಸರಿ. ಗಂಡು ಹೆಣ್ಣು ಎರಡೂ ಕಾವು ಕೂರುತ್ತವೆ.

ಇನ್ನು ಆ ಕರಿ ಹಕ್ಕಿ. ನೀಲಿ ಹೊಳಪು ನೋಡಿದರೆ ವಿಲೇಜ್ ಇಂಡಿಗೋಬರ್ಡ್ ಇರಬೇಕು. ಈ ಜಾತಿ ಮರಿ ಸಾಕುವುದೇ ಇಲ್ಲ. ಹೆಣ್ಣು ಬಂದು ಫೈರ್‌ಫಿಂಚ್ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ, ನಮ್ಮ ಕೋಗಿಲೆ ಕಾಗೆ ಗೂಡಲ್ಲಿ ಇಟ್ಟ ಹಾಗೆ. ಆದರೆ ಇಲ್ಲಿ ಮೋಸ ಇನ್ನೂ ನಾಜೂಕು. ಫೈರ್‌ಫಿಂಚ್ ಮರಿ ಬಾಯಿ ತೆರೆದರೆ ಒಳಗೆ ಕಪ್ಪು ಚುಕ್ಕೆಗಳಿರುತ್ತವೆ. ಈ ಬಾಡಿಗೆ ಮರಿಯ ಬಾಯೊಳಗೂ ಹೆಚ್ಚುಕಡಿಮೆ ಅವೇ ಚುಕ್ಕೆ! ಮನೆ ಮರಿಗಳನ್ನು ಇದು ಹೊರಗೆ ತಳ್ಳುವುದಿಲ್ಲ, ಜೊತೆಗೇ ಬೆಳೆಯುತ್ತದೆ.

ಇಂಡಿಗೋಬರ್ಡ್ ಗಂಡು ಮರಿ, ತನ್ನನ್ನು ಸಾಕಿದವರ ಹಾಡನ್ನೇ ಕಲಿಯುತ್ತದೆ. ಹಾಗಾಗಿ ನಿಮಗೆ ಜೋಡಿ ಅನ್ನಿಸಿದ್ದು ಸಹಜವೇ. ಆ ಹಾಡಿಗೆ ಒಲಿಯುವುದು ಫೈರ್‌ಫಿಂಚ್ ಅಲ್ಲ, ಅಂಥದೇ ಗೂಡಲ್ಲಿ ಬೆಳೆದ ಇಂಡಿಗೋಬರ್ಡ್ ಹೆಣ್ಣು. ಹುಟ್ಟಿನಿಂದ ಬಂದ ಗುಣ ಅಂದುಕೊಳ್ಳಬೇಡಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಪೇನ್ ಮತ್ತು ಜೊತೆಗಾರರು ಇಂಡಿಗೋಬರ್ಡ್ ಮರಿಗಳನ್ನು ಬೆಂಗಾಲೀಸ್ ಫಿಂಚ್‌ಗಳಿಂದ ಸಾಕಿಸಿದರು. ಅದು ಪಂಜರದ ಹಕ್ಕಿ, ಅದರ ಮೂಲ ನಮ್ಮಲ್ಲೂ ಇರುವ ಬಿಳಿ ಸೊಂಟದ ಮುನಿಯಾ. ದೊಡ್ಡದಾದ ಮೇಲೆ ಗಂಡುಗಳು ಬೆಂಗಾಲೀಸ್ ಹಾಡನ್ನೇ ಹಾಡಿದವು. ಹೆಣ್ಣುಗಳು ಬೆಂಗಾಲೀಸ್ ಗೂಡಿನಲ್ಲೇ ಮೊಟ್ಟೆ ಇಟ್ಟವು. ನನಗಂತೂ ಇದನ್ನು ಓದಿ ತಲೆ ತಿರುಗಿತು.

ಮಾವ, "ಆ ಕರಿ ಹಕ್ಕಿಯನ್ನು ಓಡಿಸಿಬಿಡಿ" ಅಂತ ಗ್ರೂಪಿನಲ್ಲಿ ಹಾಕಿದ್ದೀರಿ. ಸುಮ್ನೆ ಯಾಕೆ? ಅದು ಬರೀ ಹಾಡುತ್ತದೆ. ಗೂಡಿಗೆ ನುಗ್ಗುವ ಹೆಣ್ಣು ಗುಬ್ಬಿಯ ಹಾಗೆ ಗೆರೆಗೆರೆ ಕಂದು, ನಿಮಗೆ ಗುರುತೇ ಸಿಗುವುದಿಲ್ಲ. ಚಿಕ್ಕಮ್ಮಾ, ಗೂಡು ಕಂಡರೆ ಹತ್ತಿರ ಹೋಗಬೇಡಿ, ಆದರೆ ಆ ತಂತಿ ಹಾಡನ್ನು ರೆಕಾರ್ಡ್ ಮಾಡಿ ಇಲ್ಲೇ ಹಾಕಿ.